ಮಗಳಿಗೆ ಎರಡನೇ ದೀಕ್ಷಾಸ್ನಾನ ಬೇಡ, ಮೊಮ್ಮಗನ ಹೆಸರು ಬಿಡುವುದೂ ಬೇಡ

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗನಿಗೆ ಈಗ ಏಳು ತಿಂಗಳು. ಅವನಿಗೆ ಇನ್ನೂ ದೀಕ್ಷಾಸ್ನಾನ, ಎಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸುವ ಸಂಸ್ಕಾರ, ಆಗಿಲ್ಲ. ಆಗುವುದೂ ಇಲ್ಲ, ಅವನು ದೊಡ್ಡವನಾಗಿ ತಾನೇ ಕೇಳುವ ತನಕ. ಈ ಒಂದು ವಿಷಯ ನಮ್ಮ ಮನೆಯಲ್ಲಿ ಎಷ್ಟು ಮಾತು, ಎಷ್ಟು ಮೌನ ತಂದಿತು ಎಂದು ಹೇಳಲು ಈ ಪತ್ರ. ಅದಕ್ಕಿಂತ ಹೆಚ್ಚಾಗಿ, ಮಗುವಾಗಿದ್ದಾಗಲೇ ದೀಕ್ಷಾಸ್ನಾನ ಆದ ನನ್ನ ಮಗಳಿಗೆ ಅಳಿಯನ ಚರ್ಚ್‌ನವರು ಈಗ ಇನ್ನೊಮ್ಮೆ ಆಗಬೇಕು ಎನ್ನುತ್ತಿದ್ದಾರೆ, ಅದು ಬೇಡ ಎಂದು ಕೇಳಲು.

ನಮ್ಮದು ಜೆಪ್ಪು ಕಡೆಯ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ ಎಂಬ ಪ್ರೊಟೆಸ್ಟಂಟ್ ಚರ್ಚ್) ಕುಟುಂಬ. ಮನೆಯಲ್ಲಿ ತುಳು, ಚರ್ಚ್‌ನಲ್ಲಿ ಕನ್ನಡ. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ನಾನು ಮೂವತ್ತಮೂರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದೆ. ಮಗಳು ಮದುವೆಯಾದದ್ದು ಉಡುಪಿ ಕಡೆಯ ಹುಡುಗನನ್ನು. ಅವನೂ ಕ್ರೈಸ್ತನೇ. ಆದರೆ ಅವರ ಸಭೆಯಲ್ಲಿ, ಎಂದರೆ ಅವರ ಚರ್ಚ್‌ನಲ್ಲಿ, ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಮಗುವನ್ನು ದೇವರ ಕೈಗೆ ಒಪ್ಪಿಸಿ ಪ್ರಾರ್ಥಿಸುತ್ತಾರೆ, ಅಷ್ಟೇ. ಅದಕ್ಕೆ ಅವರು ಮಗುವಿನ ಪ್ರತಿಷ್ಠೆ ಎನ್ನುತ್ತಾರೆ.

ಚರ್ಚ್‌ನ ಒಳಗಿನ ವಿಷಯವನ್ನು ಪತ್ರಿಕೆಗೆ ಯಾಕೆ ಬರೆಯುತ್ತೀ ಎಂದು ನನ್ನ ತಮ್ಮ ಕೇಳಿದ. ನಮ್ಮ ಚರ್ಚ್‌ನ ಪತ್ರಿಕೆಗೆ ಬರೆದರೆ ನಮ್ಮವರು ಮಾತ್ರ ಓದುತ್ತಾರೆ. ಅಳಿಯನ ಸಭೆಯವರ ಕೈಗೆ ಅದು ಹೋಗುವುದೇ ಇಲ್ಲ. ನಿಮ್ಮ ಪತ್ರಿಕೆ ಎರಡೂ ಮನೆಗೆ ಬರುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಇದೇ ಊರಿನಲ್ಲಿ ಹೊರಡಿಸಿದವರು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್. ಈ ಊರಿನ ಕ್ರೈಸ್ತರು ತಮ್ಮ ಮಾತನ್ನು ಕನ್ನಡ ಪತ್ರಿಕೆಯಲ್ಲಿ ಎಲ್ಲರ ಮುಂದೆ ಆಡಿದರೆ ತಪ್ಪಿಲ್ಲ ಎಂದು ನನಗೆ ಅನಿಸುತ್ತದೆ.

ಪಕ್ಕದ ಮನೆಯ ಅಕ್ಕ ಒಮ್ಮೆ ಬೇಲಿಯ ಆಚೆಯಿಂದ ಕೇಳಿದರು. "ಟೀಚರ್, ಮಗುವಿನ ತಲೆಗೆ ನೀರು ಹಾಕಲಿಕ್ಕೆ ಉಂಟಾ ಇಲ್ವಾ ಅಂತ ನಿಮ್ಮಲ್ಲಿ ಮಾತಾಗ್ತಾ ಉಂಟಂತೆ. ಅದರಲ್ಲಿ ಅಷ್ಟು ಏನುಂಟು?" ಅವರಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ನಮ್ಮ ಕಡೆ ಕೆಲವು ವಾರ ಅಥವಾ ತಿಂಗಳ ಮಗುವನ್ನು ಚರ್ಚ್‌ಗೆ ತರುತ್ತೇವೆ. ಸಭಾಪಾಲಕರು ತಂದೆ, ಮಗ, ಪವಿತ್ರಾತ್ಮನ ಹೆಸರಿನಲ್ಲಿ ಮಗುವಿನ ತಲೆಗೆ ನೀರು ಹಾಕುತ್ತಾರೆ. ಅಲ್ಲಿಂದ ಮಗು ಸಭೆಗೆ ಸೇರಿದ ಹಾಗೆ. ಹದಿನಾಲ್ಕು ಹದಿನೈದು ವಯಸ್ಸಿಗೆ ಬಂದಾಗ ಪಾಠ ಕಲಿತು, ಬಿಷಪರ ಮುಂದೆ ನಿಂತು, ಅಂದು ನನ್ನ ಪರವಾಗಿ ಅಪ್ಪ ಅಮ್ಮ ಹೇಳಿದ್ದನ್ನು ಈಗ ನಾನೇ ಹೇಳುತ್ತೇನೆ ಎಂದು ಒಪ್ಪಿಕೊಳ್ಳುತ್ತಾರೆ. ಅದು ಕನ್ಫರ್ಮೇಶನ್. ಕಥೋಲಿಕರಲ್ಲೂ ಶಿಶುಗಳಿಗೆ ಕೊಡುತ್ತಾರೆ, ಅವರು ಅದನ್ನು ಜ್ಞಾನಸ್ನಾನ ಎನ್ನುತ್ತಾರೆ. ಅಳಿಯನ ಕಡೆ ಇದು ತಿರುಗಾಮುರುಗಾ. ಮೊದಲು ಮನುಷ್ಯ ತಾನೇ ನಂಬಬೇಕು, ಬಾಯಿಬಿಟ್ಟು ಹೇಳಬೇಕು. ನೀರು ಆಮೇಲೆ. ಅದೂ ಪೂರ್ತಿ ಮುಳುಗಿ ಏಳಬೇಕು.

ಪ್ರತಿಷ್ಠೆಯ ದಿನ ನಾನು ಹೋಗಿದ್ದೆ. ಹೋಗುವ ಮನಸ್ಸಿರಲಿಲ್ಲ. ಒಂದು ಅಂಗಡಿಯ ಮಾಳಿಗೆಯ ಮೇಲಿನ ಹಾಲ್. ಪ್ಲಾಸ್ಟಿಕ್ ಕುರ್ಚಿಗಳು, ಒಂದು ಕೀಬೋರ್ಡ್. ನಮ್ಮ ಮನೆಯಲ್ಲಿ ಒಂದು ಬಿಳಿ ನಿಲುವಂಗಿ ಉಂಟು. ನನ್ನ ಅಜ್ಜಿ ಕೈಯಲ್ಲಿ ಹೊಲಿದದ್ದು. ನಾನು, ನನ್ನ ತಮ್ಮ, ಆಮೇಲೆ ನನ್ನ ಮಗಳು ಎಲ್ಲ ಅದನ್ನೇ ಹಾಕಿಕೊಂಡು ದೀಕ್ಷಾಸ್ನಾನ ಪಡೆದವರು. ಅದನ್ನು ನಾನು ಪೆಟ್ಟಿಗೆಯಿಂದ ತೆಗೆದಿರಲಿಲ್ಲ. ಮಗಳು ನನಗೆ ಹೇಳದೆ ತೆಗೆದು, ಒಗೆದು, ಇಸ್ತ್ರಿ ಹಾಕಿ ಮಗುವಿಗೆ ತೊಡಿಸಿದ್ದಳು. ಹಾಲ್‌ನ ಬಾಗಿಲಲ್ಲಿ ಅವನನ್ನು ಆ ಅಂಗಿಯಲ್ಲಿ ನೋಡಿದಾಗ ನನಗೆ ಮಾತೇ ಬರಲಿಲ್ಲ.

ಸಭಾಪಾಲಕರು ಮಗುವನ್ನು ಎತ್ತಿಕೊಂಡರು. ಬೈಬಲಿನ ಹನ್ನಳು ತನ್ನ ಮಗ ಸಮುವೇಲನನ್ನು ಶಿಲೋವಿನ ಆಲಯಕ್ಕೆ ತಂದು ದೇವರಿಗೆ ಒಪ್ಪಿಸಿದ ಕಥೆ ಓದಿದರು. ಮರಿಯಳೂ ಯೋಸೇಫನೂ ಶಿಶು ಯೇಸುವನ್ನು ಯೆರೂಸಲೇಮಿಗೆ ತಂದದ್ದನ್ನು, ಮುದುಕ ಸಿಮೆಯೋನ ಅವನನ್ನು ಕೈಗೆ ತೆಗೆದುಕೊಂಡದ್ದನ್ನು ಲೂಕನ ಸುವಾರ್ತೆಯಿಂದ ಓದಿದರು. ಆಮೇಲೆ ತಂದೆ ತಾಯಿಗೆ ಪ್ರಶ್ನೆ ಕೇಳಿದರು. ಈ ಮಗು ದೇವರ ದಾನ ಎಂದು ಒಪ್ಪುತ್ತೀರಾ? ದೇವರ ಭಯದಲ್ಲಿ ಬೆಳೆಸುತ್ತೀರಾ? ಸಭೆಯವರಿಗೂ ಕೇಳಿದರು, ನೀವು ಇವರಿಗೆ ಸಹಾಯ ಮಾಡುತ್ತೀರಾ ಎಂದು. ಎಲ್ಲರೂ ಹೌದು ಎಂದರು. ನಾನೂ ಹೌದು ಎಂದೆ. ಬಾಯಿಂದ ತಾನಾಗಿ ಬಂತು. ಯಾಕೆಂದರೆ ನಮ್ಮ ಚರ್ಚ್‌ನಲ್ಲಿ ಎಷ್ಟೋ ಮಕ್ಕಳಿಗೆ ನಾನು ಇದೇ ಮಾತು ಹೇಳಿದ್ದೇನೆ. ಪ್ರಶ್ನೆ ಹೆಚ್ಚುಕಡಿಮೆ ಅದೇ, ಉತ್ತರ ಅದೇ. ನೀರಿನ ಬಟ್ಟಲು ಮಾತ್ರ ಇರಲಿಲ್ಲ.

ಆದರೂ ಅದು ಸಣ್ಣ ವ್ಯತ್ಯಾಸ ಎಂದು ನಾನು ಹೇಳುವುದಿಲ್ಲ. ಪ್ರತಿಷ್ಠೆಯಲ್ಲಿ ನಾವು ಮಗುವನ್ನು ದೇವರಿಗೆ ಕೊಡುತ್ತೇವೆ. ದೀಕ್ಷಾಸ್ನಾನದಲ್ಲಿ ದೇವರು ಮಗುವನ್ನು ತೆಗೆದುಕೊಳ್ಳುತ್ತಾನೆ. ನನ್ನ ನಂಬಿಕೆ ಇದು, ಈಗಲೂ ಅದೇ. ಮಗು ಅಮ್ಮ ಎಂದು ಕರೆಯುವ ಮೊದಲೇ ನಾವು ಹಾಲು ಕೊಡುವುದಿಲ್ಲವಾ? ದೇವರ ಕೃಪೆಯೂ ನಾವು ಕೇಳುವ ಮೊದಲೇ ಬರುತ್ತದೆ.

ಅಳಿಯ ಇದಕ್ಕೆ ಕೊಟ್ಟ ಉತ್ತರವನ್ನೂ ಹೇಳಬೇಕು. ಅವನು ಇಪ್ಪತ್ತೊಂದನೇ ವಯಸ್ಸಿನಲ್ಲಿ ಮಲ್ಪೆಯ ಸಮುದ್ರದಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದವನು. "ಮಾಮಿ, ನೀರಿನಿಂದ ಮೇಲೆ ಬರುವಾಗ ಕಣ್ಣಿಗೆ ಉಪ್ಪು ಹೋಗಿ ಉರೀತಾ ಇತ್ತು. ಅಪ್ಪ ದಡದಲ್ಲಿ ಟವೆಲ್ ಹಿಡಿದು ನಿಂತಿದ್ರು. ಆ ದಿನ ನನಗೆ ಪೂರ್ತಿ ನೆನಪುಂಟು. ನಿಮ್ಮದು ನಿಮಗೆ ನೆನಪುಂಟಾ? ನನ್ನ ಮಗನಿಗೂ ಅಂಥ ಒಂದು ದಿನ ಇರಲಿ ಅಂತ ನನಗೆ ಆಸೆ." ಅವನು ಜಗಳಕ್ಕೆ ಹೇಳಿದ್ದಲ್ಲ. ಆ ಆಸೆ ಸುಳ್ಳಲ್ಲ.

ನನಗೆ ನನ್ನದು ನೆನಪಿಲ್ಲ, ನಿಜ. ಆದರೆ ನನ್ನ ಅಜ್ಜಿಗೆ ನೆನಪಿತ್ತು. ಪ್ರತಿ ವರ್ಷ ಆ ದಿನ ಬಂದಾಗ ಹೇಳುತ್ತಿದ್ದರು. ಮಳೆ ಬರುತ್ತಿತ್ತು, ನೀನು ಒಂದು ಚೂರೂ ಅಳಲಿಲ್ಲ, ನೀರು ಬಿದ್ದಾಗ ನಾಲಗೆ ಹೊರಗೆ ಹಾಕಿದೆ ಎಂದು. ನನ್ನನ್ನು ಎತ್ತಿಕೊಂಡು ಚರ್ಚ್‌ಗೆ ಹೋದವರು ನನಗಾಗಿ ಅದನ್ನು ನೆನಪಿಟ್ಟುಕೊಂಡರು.

ನನಗೆ ಈ ವಿಷಯದಲ್ಲಿ ಇಷ್ಟು ಹಟ ಯಾಕೆ ಎಂದರೆ ಅದರ ಹಿಂದೆ ಒಂದು ನೋವು ಉಂಟು. 1963ರ ಆಟಿ ತಿಂಗಳಲ್ಲಿ ನನಗೊಬ್ಬ ತಮ್ಮ ಹುಟ್ಟಿದ. ಹನ್ನೊಂದು ದಿನ ಬದುಕಿದ. ಧೋ ಎಂದು ಮಳೆ. ಸಭಾಪಾಲಕರು ಊರಿನಲ್ಲಿ ಇರಲಿಲ್ಲ. ಬರುವ ಭಾನುವಾರ ಮಾಡಿಸುವ ಎಂದು ಇದ್ದರು. ಶುಕ್ರವಾರ ಬೆಳಗ್ಗೆ ಮಗು ಹೋಯಿತು. ನನಗೆ ಆಗ ಆರು ವರ್ಷ. ಹೂಳುವಾಗ ಚರ್ಚ್‌ನ ಗಂಟೆ ಹೊಡೆಯಲಿಲ್ಲ. ಸ್ಮಶಾನದ ಅಂಚಿನಲ್ಲಿ ಜಾಗ ಕೊಟ್ಟರು. ದೀಕ್ಷಾಸ್ನಾನ ಆಗದ ಮಗು ಎಂದು. ಜೀವಕ್ಕೆ ಅಪಾಯ ಇದ್ದಾಗ ವಿಶ್ವಾಸಿಗಳು ಯಾರು ಬೇಕಾದರೂ ನೀರು ಹಾಕಬಹುದಿತ್ತು ಎಂದು ಆಮೇಲೆ ಯಾರೋ ಅಮ್ಮನಿಗೆ ಹೇಳಿದರಂತೆ. ಅದನ್ನು ಕೇಳಿದ ಮೇಲೆ ಅಮ್ಮ ಇನ್ನೂ ಕುಸಿದರು. "ಒಂದು ಲೋಟ ನೀರು. ಅಡುಗೆಮನೆಯಲ್ಲೇ ಇತ್ತು" ಎಂದು ಸಾಯುವ ತನಕ ಹೇಳುತ್ತಿದ್ದರು.

ಇಂಥ ಮಕ್ಕಳು ಎಲ್ಲಿ ಹೋಗುತ್ತಾರೆ ಎಂಬ ಭಯ ಆಗ ಎಲ್ಲ ಕಡೆಯೂ ಇತ್ತು. 2007ರಲ್ಲಿ ವ್ಯಾಟಿಕನ್‌ನ ದೈವಶಾಸ್ತ್ರಜ್ಞರ ಆಯೋಗ, ದೀಕ್ಷಾಸ್ನಾನ ಆಗದೆ ತೀರಿಹೋದ ಶಿಶುಗಳನ್ನು ದೇವರು ರಕ್ಷಿಸುತ್ತಾನೆ ಎಂದು ಭರವಸೆ ಇಡಲು ಬಲವಾದ ಕಾರಣಗಳಿವೆ ಎಂದು ಬರೆಯಿತು. ನಾವು ಕಥೋಲಿಕರಲ್ಲ. ಆದರೂ ಆ ಸುದ್ದಿ ಪತ್ರಿಕೆಯಲ್ಲಿ ಓದಿ ಅತ್ತಿದ್ದೆ. ಆಗ ಅಮ್ಮ ಇರಲಿಲ್ಲ. ಇದ್ದಿದ್ದರೆ ಪಕ್ಕದಲ್ಲಿ ಕುಳಿತು ಓದಿ ಹೇಳುತ್ತಿದ್ದೆ.

ಈಗ ಇನ್ನೊಂದು ಮಾತು. ಮೊಮ್ಮಗನಿಗೆ ಮೂರು ತಿಂಗಳಾಗಿದ್ದಾಗ ಬಾಣಂತನಕ್ಕೆ ಬಂದ ಮಗಳು ನಮ್ಮ ಮನೆಯಲ್ಲೇ ಇದ್ದಳು. ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುವುದು ನನ್ನ ಕೆಲಸ. ಒಂದು ದಿನ ಅವನಿಗೆ ಜ್ವರ ಬಂದು ಬಿಟ್ಟಿತ್ತು. ಎರಡು ದಿನದ ಮೇಲೆ ಮೀಯಿಸುತ್ತಿದ್ದೆ. ಕಾಲು ಚಾಚಿ ಕುಳಿತು, ಅವನನ್ನು ಕಾಲ ಮೇಲೆ ಮಲಗಿಸಿ, ಚೆಂಬಿನಲ್ಲಿ ಬಿಸಿನೀರು ತೆಗೆದಿದ್ದೆ. ಬಚ್ಚಲಿನಲ್ಲಿ ಬೇರೆ ಯಾರೂ ಇಲ್ಲ. ಈಗಲೇ ಹೇಳಿಬಿಡಲೇ ಎಂದು ಅನಿಸಿತು. ಆ ಮಾತುಗಳು ನನಗೆ ಬಾಯಿಪಾಠ. ಒಂದು ಚೆಂಬು ನೀರು, ಒಂದು ವಾಕ್ಯ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಮ್ಮನ ಲೋಟ ಕಣ್ಣ ಮುಂದೆ ಬಂತು.

ನಾನು ಹೇಳಲಿಲ್ಲ. ಮಗು ನನ್ನದಲ್ಲ. ಅವನ ಅಪ್ಪ ಅಮ್ಮನ ಬೆನ್ನ ಹಿಂದೆ ಕದ್ದು ಮಾಡಿದರೆ ಅದು ದೇವರ ಮುಂದೆ ಏನಾಗುತ್ತಿತ್ತು? ಸುಮ್ನೆ ಮೀಯಿಸಿ, ಒರೆಸಿ, ತೊಟ್ಟಿಲಿಗೆ ಹಾಕಿದೆ. ಸಂಜೆ ಅಳಿಯ ಬಂದಾಗ ಎಲ್ಲವನ್ನೂ ಹೇಳಿದೆ. ನನ್ನ ತಮ್ಮನ ವಿಷಯವನ್ನೂ ಹೇಳಿದೆ, ಅದು ಅವನಿಗೆ ಗೊತ್ತಿರಲಿಲ್ಲ. ಅವನು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ಆ ಮಗುವಿನ ಹೆಸರೇನು ಮಾಮಿ?" ಎಂದು ಕೇಳಿದ. ಹೆಸರು ಇಟ್ಟಿರಲಿಲ್ಲ. ದೀಕ್ಷಾಸ್ನಾನದ ದಿನ ಇಡುವ ಎಂದು ಇತ್ತು. ಆ ರಾತ್ರಿ ಅವನು ಊಟದ ಪ್ರಾರ್ಥನೆಯಲ್ಲಿ ಆ ಹೆಸರಿಲ್ಲದ ಮಗುವಿಗಾಗಿ ದೇವರಿಗೆ ಸ್ತೋತ್ರ ಹೇಳಿದ. ಅಂದಿನಿಂದ ನಾನು ಅವನೊಟ್ಟಿಗೆ ಬೈಬಲ್ ತೆರೆದು ಕೂರಲು ಶುರು ಮಾಡಿದೆ.

ಆ ಕಾಲದಲ್ಲಿ ಶಿಶುಗಳಿಗೂ ದೀಕ್ಷಾಸ್ನಾನ ಕೊಟ್ಟರಾ ಎಂದು ನಾವು ಇಬ್ಬರೂ ಬೈಬಲಿನಲ್ಲಿ ಹುಡುಕಿದೆವು. ಫಿಲಿಪ್ಪಿ ಎಂಬ ಊರಿನಲ್ಲಿ ಬಟ್ಟೆ ಮಾರುತ್ತಿದ್ದ ಲುದ್ಯಳೂ ಅವಳ ಮನೆಯವರೂ ದೀಕ್ಷಾಸ್ನಾನ ಪಡೆದರು. ಅದೇ ಊರಿನ ಸೆರೆಮನೆಯ ಯಜಮಾನನೂ ಅವನ ಮನೆಯವರೆಲ್ಲರೂ ಪಡೆದರು, ಅದೂ ನಡುರಾತ್ರಿಯಲ್ಲಿ. ಮನೆಯವರು ಎಂದರೆ ಮಕ್ಕಳೂ ಇರಬೇಕಲ್ಲ ಎಂದೆ ನಾನು. ಇರಬಹುದು, ಆದರೆ ಮಗು ಎಂದು ಬರೆದಿಲ್ಲವಲ್ಲ ಎಂದ ಅವನು. ಹೌದು, ಬರೆದಿಲ್ಲ. ವಿಶ್ವಾಸಿಗಳ ಮನೆಯಲ್ಲಿ ಹುಟ್ಟಿದ ಮಗುವನ್ನು ದೊಡ್ಡದಾಗುವ ತನಕ ಕಾಯಿಸಿದರು ಎಂದೂ ಎಲ್ಲೂ ಬರೆದಿಲ್ಲ. ಅದನ್ನು ಅವನು ಒಪ್ಪಿದ.

ಆಮೇಲೆ ಗೊತ್ತಾದ ಕೆಲವು ವಿಷಯಗಳು ನನ್ನನ್ನು ಮೆತ್ತಗೆ ಮಾಡಿದವು. ಸುಮಾರು 200ನೇ ಇಸವಿಯಲ್ಲಿ ಆಫ್ರಿಕಾದ ತೆರ್ತುಲ್ಲಿಯನ್ ಎಂಬ ಕ್ರೈಸ್ತ ಬರಹಗಾರರು ಮಕ್ಕಳಿಗೆ ದೀಕ್ಷಾಸ್ನಾನ ಕೊಡಲು ಅವಸರ ಮಾಡಬೇಡಿ ಎಂದು ಬರೆದಿದ್ದಾರೆ. ಎಂದರೆ ಆಗ ಕೊಡುತ್ತಿದ್ದರು, ಬೇಡ ಎನ್ನುವವರೂ ಇದ್ದರು. ನಾಲ್ಕನೇ ಶತಮಾನದಲ್ಲಿ ಹುಟ್ಟಿದ ದೊಡ್ಡ ಕ್ರೈಸ್ತ ಗುರು ಸಂತ ಅಗಸ್ಟೀನರ ಕಥೆ ನನ್ನ ಮನಸ್ಸಿಗೆ ಇನ್ನೂ ಹತ್ತಿರದ್ದು. ಶಿಶು ದೀಕ್ಷಾಸ್ನಾನದ ಪರವಾಗಿ ಅವರಷ್ಟು ಗಟ್ಟಿಯಾಗಿ ಬರೆದವರು ಕಡಿಮೆ. ಆದರೆ ಅವರಿಗೇ ಶಿಶುವಾಗಿದ್ದಾಗ ಆಗಿರಲಿಲ್ಲ! ತಾಯಿ ಮೋನಿಕ ದೊಡ್ಡ ವಿಶ್ವಾಸಿ. ಮಗುವಿಗೆ ಶಿಲುಬೆಯ ಗುರುತು ಹಾಕಿಸಿದರು, ಉಪ್ಪು ಕೊಡಿಸಿದರು, ಅಷ್ಟೇ. ಹುಡುಗನಾಗಿದ್ದಾಗ ಒಮ್ಮೆ ಜೋರು ಕಾಯಿಲೆ ಬಂದು ದೀಕ್ಷಾಸ್ನಾನಕ್ಕೆ ತಯಾರಿ ಆಯಿತು. ಗುಣವಾದ ಕೂಡಲೇ ಮುಂದೆ ಹಾಕಿದರು. ಕೊನೆಗೆ ಆದದ್ದು 387ರ ಈಸ್ಟರ್‌ನಲ್ಲಿ, ಮಿಲಾನ್‌ನಲ್ಲಿ, ಮೂವತ್ತೆರಡನೇ ವಯಸ್ಸಿನಲ್ಲಿ. ಅಷ್ಟು ವರ್ಷ ಮೋನಿಕ ಅಳುತ್ತಾ ಪ್ರಾರ್ಥಿಸಿದರು. ಆ ತಾಯಿಯ ಕಾಯುವಿಕೆಯನ್ನು ಓದಿದಾಗ ನನಗೆ ಧೈರ್ಯ ಬಂತು.

ಒಂದು ಕೆಟ್ಟ ಕಥೆಯೂ ಉಂಟು. 1834ರಲ್ಲಿ ನಮ್ಮ ಹಿರಿಯರಿಗೆ ಸುವಾರ್ತೆ ತಂದವರು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಮಿಷನ್ನಿನವರು. ಅದೇ ದೇಶದ ಜ್ಯೂರಿಕ್‌ನಲ್ಲಿ 1525ರಲ್ಲಿ ಕೆಲವರು, ಶಿಶುವಾಗಿದ್ದಾಗ ಆದದ್ದು ಸಾಲದು ಎಂದು ದೊಡ್ಡವರಾಗಿ ಮತ್ತೆ ದೀಕ್ಷಾಸ್ನಾನ ಪಡೆದರು. ಅದಕ್ಕೆ ಸರಕಾರ ಮರಣದಂಡನೆ ಇಟ್ಟಿತು. ಅವರಲ್ಲಿ ಒಬ್ಬರಾದ ಫೆಲಿಕ್ಸ್ ಮಾನ್ಜ್ ಅವರನ್ನು 1527ರ ಜನವರಿಯಲ್ಲಿ ಕೈಕಾಲು ಕಟ್ಟಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಶಿಶು ದೀಕ್ಷಾಸ್ನಾನದ ಪಕ್ಷದವರೇ, ಎಂದರೆ ನಮ್ಮ ಪಕ್ಷದವರೇ, ಮಾಡಿದ್ದು. 2004ರಲ್ಲಿ ಜ್ಯೂರಿಕ್‌ನ ಸುಧಾರಿತ ಸಭೆ ಅದು ತಪ್ಪು ಎಂದು ಒಪ್ಪಿಕೊಂಡಿತು. ನದಿ ದಡದಲ್ಲಿ ನೆನಪಿನ ಕಲ್ಲು ಹಾಕಿದರು. ಇದನ್ನು ಓದಿದ ದಿನ ಅಳಿಯನ ಹತ್ತಿರ ಕ್ಷಮೆ ಕೇಳಬೇಕು ಅನಿಸಿತು. ಕೇಳಿದೆ ಕೂಡ.

ಹೀಗೆ ಮೊಮ್ಮಗನ ವಿಷಯ ನನ್ನ ಮನಸ್ಸಿನಲ್ಲಿ ಒಂದು ದಾರಿಗೆ ಬಂತು. ಅವನು ಕಾಯಲಿ. ನಾನೂ ಕಾಯುತ್ತೇನೆ. ಆದರೆ ಮಗಳ ವಿಷಯ ಹಾಗಲ್ಲ. ಈ ಪತ್ರ ಬರೆಯಲು ಕೂತದ್ದು ಅದಕ್ಕೇ.

ಅಳಿಯನ ಸಭೆಯ ಹಿರಿಯರೊಬ್ಬರು ಮಗಳಿಗೆ ಹೇಳಿದರು, ನಮ್ಮಲ್ಲಿ ಸದಸ್ಯಳಾಗಬೇಕಾದರೆ, ರೊಟ್ಟಿ ಮುರಿಯುವಾಗ, ಎಂದರೆ ಯೇಸುವಿನ ಕೊನೆಯ ಊಟವನ್ನು ನೆನೆಯುವ ಪ್ರಭು ಭೋಜನದಲ್ಲಿ, ಪಾಲು ತೆಗೆದುಕೊಳ್ಳಬೇಕಾದರೆ ಮುಳುಗು ದೀಕ್ಷಾಸ್ನಾನ ಆಗಬೇಕು, ಮಗುವಾಗಿದ್ದಾಗ ಆದದ್ದು ಲೆಕ್ಕಕ್ಕಿಲ್ಲ ಎಂದು. ಅವರ ಲೆಕ್ಕದಲ್ಲಿ ಅದು ಎರಡನೆಯದಲ್ಲ, ಮೊದಲನೆಯದು. ಅವರ ಮಾತಿನ ಕ್ರಮ ನನಗೆ ಅರ್ಥವಾಗುತ್ತದೆ. ಆದರೆ ಮಗಳು ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತು, "ಅಮ್ಮ, ನಾನು ಈಗ ಹೋಗಿ ಮುಳುಗಿದ್ರೆ ನೀನು ಅವತ್ತು ಮಾಡಿಸಿದ್ದು ಸುಳ್ಳು ಅಂತ ಆಗ್ತದಾ?" ಎಂದು ಕೇಳಿದಳು. ನನಗೆ ಉತ್ತರ ಕೊಡಲು ಆಗಲಿಲ್ಲ.

ಈಗ ಕೊಡುತ್ತೇನೆ. 1993ರ ಡಿಸೆಂಬರ್‌ನಲ್ಲಿ ಅವಳಿಗೆ ದೀಕ್ಷಾಸ್ನಾನ ಆಯಿತು. ಚರ್ಚ್‌ನ ಪುಸ್ತಕದಲ್ಲಿ ಆ ಸಾಲು ಇದೆ. ನಾನು ಟೀಚರ್ ಆಗಿದ್ದಾಗ ಎಷ್ಟೋ ಮಕ್ಕಳ ಹುಟ್ಟಿದ ದಿನ ಅಂಥ ಪುಸ್ತಕದ ಪತ್ರ ನೋಡಿಯೇ ಬರೆದುಕೊಂಡಿದ್ದೇನೆ. ಬೇರೆ ದಾಖಲೆ ಇಲ್ಲದವರಿಗೆ ಅದೇ ಆಧಾರ. ಅಳಿಯನ ಸಭೆಯವರು ಕೇಳುವುದು ಏನು? ಮನುಷ್ಯ ತನ್ನ ಬಾಯಿಂದ ನಂಬಿಕೆ ಹೇಳಬೇಕು, ಅಲ್ವಾ? ಅವಳು ಹದಿನೈದು ವರ್ಷಕ್ಕೆ ಬಿಷಪರ ಮುಂದೆ ಮಂಡಿಯೂರಿ ಹೇಳಿದ್ದಾಳೆ. ಅದು ಅವಳಿಗೆ ಚೆನ್ನಾಗಿ ನೆನಪಿದೆ. ಹೆದರಿ ಕೈ ತಣ್ಣಗಾಗಿತ್ತು ಎಂದು ಈಗಲೂ ಹೇಳುತ್ತಾಳೆ. ನೀರೂ ಆಗಿದೆ, ಮಾತೂ ಆಗಿದೆ. ಅಳಿಯನಿಗೆ ಮಾತು ಮೊದಲು, ನೀರು ಆಮೇಲೆ. ಅವಳಿಗೆ ನೀರು ಮೊದಲು. ಹಿಂದೆ ಮುಂದೆ ಆಯಿತು ಎಂಬ ಒಂದೇ ಕಾರಣಕ್ಕೆ ಒಂದನ್ನು ಅಳಿಸಿಹಾಕಬೇಕಾ?

ಇದು ನಾನೊಬ್ಬಳು ಹೇಳುವ ಮಾತಲ್ಲ. ಬಾಸೆಲ್‌ನಲ್ಲೇ ಹುಟ್ಟಿ, ಅಲ್ಲೇ ಕಲಿಸಿದ ಕಾರ್ಲ್ ಬಾರ್ತ್ ಎಂಬ ದೊಡ್ಡ ದೈವಶಾಸ್ತ್ರಜ್ಞರಿದ್ದರು. ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದು ಸರಿಯಲ್ಲ ಎಂದು ಅವರು 1943ರಲ್ಲೇ ಹೇಳಿದರು. ಆದರೆ ಆಗಿಹೋದದ್ದು ನಿಜವಾದ ದೀಕ್ಷಾಸ್ನಾನವೇ, ಅದನ್ನು ಮತ್ತೆ ಮಾಡಬಾರದು ಎಂದೂ ಅವರೇ ಹೇಳಿದರು. 1982ರಲ್ಲಿ ಪೆರುವಿನ ಲಿಮಾದಲ್ಲಿ ಬೇರೆ ಬೇರೆ ಸಭೆಗಳ ಪಂಡಿತರು ಕೂತು ಒಂದು ಹೇಳಿಕೆ ಒಪ್ಪಿದರು. ದೀಕ್ಷಾಸ್ನಾನ ಒಂದೇ ಸಲ, ಮತ್ತೆ ಕೊಟ್ಟ ಹಾಗೆ ಕಾಣುವ ಯಾವುದನ್ನೂ ಮಾಡಬಾರದು ಎಂದು ಅದರಲ್ಲಿ ಇದೆ. ಶಿಶುವಾಗಿ ನೀರು ಪಡೆದು ದೊಡ್ಡವರಾಗಿ ನಂಬಿಕೆ ಹೇಳುವ ದಾರಿಯನ್ನೂ, ಶಿಶುವಾಗಿ ಆಶೀರ್ವಾದ ಪಡೆದು ದೊಡ್ಡವರಾಗಿ ನೀರು ಪಡೆಯುವ ದಾರಿಯನ್ನೂ ಸರಿಸಮಾನ ಎಂದು ನೋಡುವ ಮಾತೂ ಅಲ್ಲಿ ಬರುತ್ತದೆ. ನಮ್ಮ ದೇಶದಲ್ಲೇ ಅದು ನಡೆದಿದೆ. 1970ರ ನವೆಂಬರ್ 29ರಂದು ನಾಗಪುರದಲ್ಲಿ ಆರು ಸಭೆಗಳು ಸೇರಿ ಉತ್ತರ ಭಾರತ ಸಭೆ, ಸಿ.ಎನ್.ಐ., ಆಯಿತು. ಅದರಲ್ಲಿ ನಂಬಿಕೆ ಹೇಳಿದವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಬ್ಯಾಪ್ಟಿಸ್ಟರೂ ಇದ್ದರು, ಶಿಶುಗಳಿಗೂ ಕೊಡುವ ಆಂಗ್ಲಿಕನರೂ ಇದ್ದರು. ಎರಡೂ ಪದ್ಧತಿಗೆ ಅಲ್ಲಿ ಜಾಗ ಇದೆ. ಅಲ್ಲಿ ಆದದ್ದು ನಮ್ಮ ಮಂಗಳೂರು, ಉಡುಪಿಯಲ್ಲಿ ಯಾಕೆ ಆಗಬಾರದು?

ಅಳಿಯನ ಸಭೆಯವರಲ್ಲಿ ನನ್ನ ಬೇಡಿಕೆ ಇಷ್ಟೇ. ನನ್ನ ಮಗಳನ್ನು ಅವಳ ನಂಬಿಕೆಯ ಮೇಲೆ ಸೇರಿಸಿಕೊಳ್ಳಿ. ನಿಮ್ಮ ಮಕ್ಕಳಿಗೆ ನೀವು ಶಿಶು ದೀಕ್ಷಾಸ್ನಾನ ಕೊಡಬೇಕು ಎಂದು ನಾನು ಹೇಳುವುದಿಲ್ಲ. ಬೇಕಾದರೆ ಅವಳು ನಿಮ್ಮ ಮುಂದೆ ಇನ್ನೊಮ್ಮೆ ಸಾಕ್ಷಿ ಹೇಳಲಿ, ನೂರು ಸಲ ಹೇಳಲಿ. ನೀರು ಮಾತ್ರ ಎರಡನೇ ಸಲ ಬೇಡ.

ನಮ್ಮ ಕಡೆಯ ತಪ್ಪನ್ನೂ ಮುಚ್ಚಿಡುವುದಿಲ್ಲ. ಮೊಮ್ಮಗನ ಹೆಸರನ್ನು ಚರ್ಚ್‌ನ ಕುಟುಂಬದ ಪಟ್ಟಿಯಲ್ಲಿ ನಮ್ಮ ಮನೆಯವರ ಜೊತೆ ಬರೆಯಿರಿ ಎಂದು ಕೇಳಿದಾಗ, ದೀಕ್ಷಾಸ್ನಾನ ಆಗದೆ ಆಗುವುದಿಲ್ಲ ಎಂಬ ಉತ್ತರ ಬಂತು. ಒಬ್ಬರಂತೂ "ಹಾಗಾದ್ರೆ ಮಗು ಇನ್ನೂ ಹೊರಗಿನದ್ದು" ಎಂದರು. ನನಗೆ 1963ರ ಆ ಸ್ಮಶಾನದ ಅಂಚು ನೆನಪಾಯಿತು. ಯೇಸು ಮಕ್ಕಳನ್ನು ತೋಳಲ್ಲಿ ತೆಗೆದುಕೊಂಡು ಆಶೀರ್ವದಿಸಿದಾಗ ಮೊದಲು ಪಟ್ಟಿ ನೋಡಿದರಾ? ದೀಕ್ಷಾಸ್ನಾನದ ಪುಸ್ತಕದಲ್ಲಿ ಅವನ ಹೆಸರು ಬರುವುದು ಬೇಡ, ಅದು ಸುಳ್ಳಾಗುತ್ತದೆ. ಆದರೆ ಪ್ರತಿಷ್ಠೆ ಆದ ಮಕ್ಕಳಿಗೆ ಎಂದೇ ಒಂದು ಪುಟ ಇಡಲು ಏನು ಕಷ್ಟ? ಸಂಡೇ ಸ್ಕೂಲಿಗೆ ಅವನು ಬರುತ್ತಾನೆ. ಕ್ರಿಸ್ಮಸ್ ನಾಟಕದಲ್ಲಿ ಕುರುಬನ ವೇಷ ಹಾಕುತ್ತಾನೆ. ಅವನ ಹೆಸರು ಕೂಗಲು ಒಂದು ಪಟ್ಟಿ ಬೇಡವಾ?

ಇಂಥ ಎರಡು ಸಭೆಯ ಮದುವೆಗಳು ಈಗ ನನ್ನ ಪರಿಚಯದಲ್ಲೇ ನಾಲ್ಕೈದು ಇವೆ. ಎಲ್ಲ ಮನೆಯಲ್ಲೂ ಮಗು ಹುಟ್ಟಿದ ಕೂಡಲೇ ಈ ಮಾತು ಏಳುತ್ತದೆ. ಹೆಚ್ಚಿನವರು ಬಾಯಿಬಿಟ್ಟು ಹೇಳುವುದಿಲ್ಲ. ಒಬ್ಬ ತಾಯಿ ಮಗಳ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಮಗಳಿಗೆ ದಿನ ಇಟ್ಟಿರುವುದು ಮುಂದಿನ ತಿಂಗಳ ಎರಡನೇ ಭಾನುವಾರ. ಅವಳು ಇನ್ನೂ ಹೌದು ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ. ಅದಕ್ಕೆ ಮೊದಲು ಇಬ್ಬರು ಸಭಾಪಾಲಕರೂ ಒಂದು ಸಂಜೆ ನಮ್ಮ ಮನೆಗೆ ಬರಬೇಕು ಎಂದು ನಾನೂ ಅಳಿಯನೂ ಸೇರಿ ಕೇಳಿಕೊಂಡಿದ್ದೇವೆ. ಅವರು ಬರುವ ದಿನ ಕೋರಿ ರೊಟ್ಟಿ ಮಾಡುತ್ತೇನೆ. ಮಗುವೂ ಎದ್ದಿರುತ್ತಾನೆ, ಆ ಹೊತ್ತಿಗೆ ಅವನು ಮಲಗುವುದಿಲ್ಲ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ,
ಜೆಪ್ಪು, ಮಂಗಳೂರು